ತರಗತಿಯಲ್ಲಿ ಬೇರೆ ಥರ ಕಲಿಯುವ ಮಗು: ಮನೆಯವರನ್ನು ಜೊತೆಗೆ ಕರೆದುಕೊಳ್ಳುವುದು ಹೇಗೆ?

ದಾವಣಗೆರೆಯ ಯಾವುದೇ ಪ್ರೈಮರಿ ಶಾಲೆಗೆ ಹೋಗಿ ಕೇಳಿ, ಪ್ರತಿ ವರ್ಷ ಇಂಥ ಒಂದಿಬ್ಬರು ಮಕ್ಕಳು ಇದ್ದೇ ಇರುತ್ತಾರೆ. ಒಬ್ಬ ಕೂತಲ್ಲಿ ಕೂರಲ್ಲ. ಇನ್ನೊಬ್ಬಳು ಕಾಗುಣಿತ ಬಾಯಲ್ಲಿ ಸರಾಗವಾಗಿ ಹೇಳುತ್ತಾಳೆ, ಬರೆಯೋಕೆ ಕೂತರೆ ಒತ್ತಕ್ಷರ ಎಲ್ಲೋ, ದೀರ್ಘ ಎಲ್ಲೋ. ಮತ್ತೊಬ್ಬ ಬೆಲ್ ಹೊಡೆದ ಕೂಡಲೇ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಇವರು ಸೋಮಾರಿಗಳೂ ಅಲ್ಲ, ಹಟಮಾರಿಗಳೂ ಅಲ್ಲ. ಆಟಿಸಂ (ಬೆರೆಯುವುದು, ಮಾತಾಡುವುದು, ಸದ್ದು ತಾಳುವುದು ಬೇರೆ ಥರ), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ), ಡಿಸ್ಲೆಕ್ಸಿಯಾ (ಓದು ಬರಹದಲ್ಲಿ ತೊಡಕು) ಇರುವ ಮಕ್ಕಳ ಮೆದುಳು ಕೆಲಸ ಮಾಡುವ ರೀತಿಯೇ ಬೇರೆ. ಅಂಥ ಮಗುವಿಗೆ ಏನು ಬೇಕು ಅನ್ನುವುದು ಅರ್ಧ ಮನೆಯವರಿಗೆ ಗೊತ್ತಿರುತ್ತದೆ, ಅರ್ಧ ಟೀಚರಿಗೆ.

ಶುರುವಲ್ಲೇ ಹೆಚ್ಚಿನ ಟೀಚರುಗಳು ಎಡವುವುದು ಮನೆಯವರನ್ನು ಕರೆಯುವ ರೀತಿಯಲ್ಲಿ. "ನಾಳೆ 11 ಗಂಟೆಗೆ ಬಂದು ಕಾಣಿ" ಅಂತ ಚೀಟಿ ಕಳಿಸಬೇಡಿ. ಮಂಡಕ್ಕಿ ಭಟ್ಟಿಗೋ ಗಾರೆ ಕೆಲಸಕ್ಕೋ ಹೋಗುವವರಿಗೆ ಅದು ಒಂದು ದಿನದ ಕೂಲಿ ಹೋದ ಹಾಗೆ, ಜೊತೆಗೆ ಏನೋ ದೂರು ಇದೆ ಅನ್ನುವ ಭಯದಲ್ಲಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಫೋನ್ ಮಾಡಿ, "ನಿಮಗೆ ಯಾವಾಗ ಬಿಡುವಾಗುತ್ತೆ ಹೇಳ್ರಿ ಅಕ್ಕ" ಅಂತ ಕೇಳಿ. ಮಗುವನ್ನು ದಿನವೆಲ್ಲ ನೋಡಿಕೊಳ್ಳುವುದು ಅಜ್ಜಿಯಾದರೆ ಅಜ್ಜಿಯನ್ನೂ ಕರೆಯಿರಿ.

ಬಂದವರಿಗೆ ಮೊದಲು ಮಗುವಿನ ಒಂದು ಒಳ್ಳೆಯ ವಿಷಯ ಹೇಳಿ, ನೀವು ನಿಜವಾಗಿ ನೋಡಿದ್ದನ್ನೇ. ಆಮೇಲೆ ಕಷ್ಟದ ಮಾತು. ಆಗಲೂ "ನಿಮ್ಮ ಮಗನಿಗೆ ಆಟಿಸಂ ಇರಬೇಕು" ಅನ್ನಬೇಡಿ, ಅದು ಡಾಕ್ಟರ್ ಹೇಳುವ ಮಾತು. "ಪ್ರಾರ್ಥನೆಗೆ ಮೈಕ್ ಹಾಕಿದಾಗ ಅಳುತ್ತಾನೆ, ಬೋರ್ಡ್ ನೋಡಿ ಬರೆಯುವಾಗ ಎರಡು ಪದ ಆದಮೇಲೆ ಎದ್ದು ಹೋಗುತ್ತಾನೆ" ಅಂತ ಕಂಡದ್ದನ್ನು ಕಂಡ ಹಾಗೆ ಹೇಳಿ. "ಮೊಬೈಲ್ ಕೊಟ್ಟು ನೀವೇ ಹಾಳು ಮಾಡಿದ್ದೀರಿ" ಅನ್ನುವ ಮಾತಂತೂ ಬೇಡವೇ ಬೇಡ. ಬೆಳೆಸಿದ ರೀತಿಯಿಂದ ಆಟಿಸಂ ಬರಲ್ಲ, ಡಿಸ್ಲೆಕ್ಸಿಯಾನೂ ಬರಲ್ಲ.

ಆಮೇಲೆ ನೀವು ಕೇಳಿಸಿಕೊಳ್ಳಿ. ದುಗ್ಗಮ್ಮನ ಜಾತ್ರೆಗೆ ಕರೆದುಕೊಂಡು ಹೋದರೆ ಹೇಗಿರುತ್ತಾನೆ? ಕೂದಲು ಕತ್ತರಿಸುವಾಗ? ಸಿಟ್ಟು ಬಂದರೆ ಯಾವುದರಿಂದ ಸಮಾಧಾನ ಆಗುತ್ತದೆ? ರಾತ್ರಿ ನಿದ್ದೆ ಹೇಗೆ? ಇಂಥ ನಾಲ್ಕು ಪ್ರಶ್ನೆಗೆ ಸಿಗುವ ಉತ್ತರ ಯಾವ ಫಾರಂನಲ್ಲೂ ಸಿಗಲ್ಲ.

ಬಿಸಿಯೂಟವನ್ನೇ ತಗೊಳ್ಳಿ. ಸ್ಟೀಲ್ ತಟ್ಟೆಗಳ ಸದ್ದು, ಸಾಲಿನ ನೂಕಾಟ, ಸಾಂಬಾರಿನ ವಾಸನೆ, ಎಲ್ಲ ಒಟ್ಟಿಗೇ ಬರುತ್ತವೆ. ಮಗು ತಟ್ಟೆ ತಳ್ಳಿ ಓಡಿದರೆ ನಮಗೆ ಕಾಣುವುದು ಕೊಬ್ಬು. ಮನೆಯಲ್ಲಿ ಕೇಳಿದರೆ, "ಅವನು ಅನ್ನಕ್ಕೆ ಸಾರು ಕಲಸಿದರೆ ಮುಟ್ಟಲ್ಲ ಮೇಡಂ, ಬೇರೆ ಬೇರೆ ಹಾಕಿದರೆ ತಿಂತಾನೆ" ಅನ್ನಬಹುದು. ಅಡುಗೆಯವರಿಗೆ ಒಂದು ಮಾತು ಹೇಳಿ, ಐದು ನಿಮಿಷ ಮುಂಚೆ ಬಡಿಸಿ, ಗೋಡೆ ಪಕ್ಕ ಕೂರಿಸಿ ನೋಡಿ. ಇದಕ್ಕೆ ಖರ್ಚಿಲ್ಲ, ಆರ್ಡರ್ ಬೇಕಿಲ್ಲ.

ಒಂದು ಸಲಕ್ಕೆ ಒಂದೇ ಗುರಿ ಇಟ್ಟುಕೊಳ್ಳಿ, ಅದನ್ನೇ ಮನೆಯಲ್ಲೂ ಶಾಲೆಯಲ್ಲೂ ಮಾಡಿ. ಬರೆಯಲು ಕಷ್ಟಪಡುವ ಮಗುವಿಗೆ ಬೋರ್ಡಿನ ಬದಲು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ, ಹತ್ತು ಸಾಲಿನ ಬದಲು ಎರಡು ಸಾಲು ಸಾಕು, ಉಳಿದದ್ದನ್ನು ಬಾಯಲ್ಲಿ ಕೇಳಿ. ಹೋಮ್‌ವರ್ಕ್ ಕಾಲು ಗಂಟೆಗೆ ನಿಲ್ಲಿಸಬಹುದು ಅಂತ ಮನೆಯವರಿಗೆ ನೀವೇ ಹೇಳಿ, ಇಲ್ಲದಿದ್ದರೆ ಪಾಪ, ಮಗು ಅಳುತ್ತಿದ್ದರೂ ರಾತ್ರಿ ಹತ್ತರವರೆಗೆ ಬರೆಸುತ್ತಾರೆ. ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ಓದು ಬರಹ ಬಾರದ ತಾಯಿಗೂ ಅದು ತಲುಪುತ್ತದೆ, ಅವರೂ ತಿರುಗಿ ಮಾತಾಡುತ್ತಾರೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಹೇಳಿದರೆ ಟಿಸಿ ಕೊಟ್ಟು ಕಳಿಸುತ್ತಾರೆ ಅಂತ ಮುಚ್ಚಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆಯೂ ಇದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು ಅಂತಲೇ ಅದರಲ್ಲಿದೆ. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ, ಆದರೆ ಎಡಿಎಚ್‌ಡಿ ಇರುವ ಮಗುವಿಗೆ ಜೊತೆಯಲ್ಲಿ ಕಲಿಕಾ ತೊಂದರೆಯೂ ಇರಬಹುದು, ಅದನ್ನೂ ಪರೀಕ್ಷೆ ಮಾಡಿಸಿ. ಮಾತ್ರೆ ಬದಲಾದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ ಬೆಳಿಗ್ಗೆಯೇ ಟೀಚರಿಗೆ ತಿಳಿಸಿ.

ತಪಾಸಣೆಗೆ ಬೆಂಗಳೂರಿಗೇ ಓಡಬೇಕಿಲ್ಲ. ಮೊದಲು ಬಿಆರ್‌ಸಿಯಲ್ಲಿರುವ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ಇಂಥ ಮಕ್ಕಳಿಗಾಗಿಯೇ ಇರುವ ಶಿಕ್ಷಕರನ್ನು ಕೇಳಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಶಾಲೆಗೆ ಬಂದಾಗ ಮಗುವನ್ನು ತೋರಿಸಿ. ಊರಲ್ಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಪುನರ್ವಸತಿ ಕೇಂದ್ರ ಸಿಆರ್‌ಸಿಯೂ ಇದೆ. ಮಾತಿನ ತೊಂದರೆ ಜಾಸ್ತಿ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ.

ಕೊನೆಯದಾಗಿ, ಸರ್ಕಾರಿ ಶಾಲೆಯವರು ಮೂರರಿಂದ ನಾಲ್ಕನೇ ಕ್ಲಾಸಿಗೆ ದಾಟುವ ವರ್ಷವನ್ನು ಮರೆಯಬೇಡಿ. ಮೂರನೇ ಕ್ಲಾಸಿನವರೆಗೆ ನಡೆಯುವ ನಲಿ ಕಲಿ ಪದ್ಧತಿಯಲ್ಲಿ ಗುಂಪಲ್ಲಿ ಕೂತು, ತನ್ನದೇ ವೇಗದಲ್ಲಿ ಕಲಿತ ಮಗು ಒಮ್ಮೆಲೇ ಸಾಲಲ್ಲಿ ಕೂತು ಎಲ್ಲರ ಜೊತೆ ಒಂದೇ ಪಾಠ ಓದಬೇಕು, ಅಲ್ವಾ? ಮಾರ್ಚ್‌ನಲ್ಲೇ ಮಗುವನ್ನು ದಿನಕ್ಕೆ ಸ್ವಲ್ಪ ಹೊತ್ತು ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಕೂರಿಸಿ. ಯಾವ ಜಾಗ ಹಿತ, ಯಾವ ಸದ್ದು ಆಗಲ್ಲ, ಸಿಟ್ಟು ಬಂದರೆ ಏನು ಮಾಡಬೇಕು ಅಂತ ತಾಯಿ ಜೊತೆ ಕೂತು ಒಂದು ಪುಟ ಬರೆದು ಹೊಸ ಟೀಚರ ಕೈಗೆ ಕೊಡಿ.