ತೋಟಾ ಆರಿಸುವ ಮುಂಚೆ ಅದರ ನೆಂಟರನ್ನು ಎಣಿಸಿ

ಎಮ್ಮೆ ಕೊಳ್ಳುವವರು ಮೊದಲು ಮೇವಿನ ಲೆಕ್ಕ ಹಾಕುತ್ತಾರೆ. ಪಿಸ್ತೂಲಿನ ಮಟ್ಟಿಗೆ ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ: ಆಯುಧ ಮೊದಲು ಕೊಂಡು, ಅದಕ್ಕೆ ಬೇಕಾದ ತೋಟಾ ಸಿಗುವುದಿಲ್ಲವೆಂದು ಆಮೇಲೆ ಅಲೆಯುತ್ತಾರೆ. 9 ಮಿ.ಮೀ. ಲೂಗರ್, .38 ಸ್ಪೆಷಲ್, .45 ಎಸಿಪಿ ಎಂಬ ತೋಟಾಗಳ ಆಯುಧ ಕೊಂಡವರಿಗೆ ಈ ತಾಪತ್ರಯ ಕಡಿಮೆ. .357 ಸಿಗ್, .327 ಫೆಡರಲ್ ಮ್ಯಾಗ್ನಮ್, .41 ಮ್ಯಾಗ್ನಮ್, .45 ಗ್ಯಾಪ್, .30 ಸೂಪರ್ ಕ್ಯಾರಿಯಂಥವುಗಳ ಕಡೆ ಮನಸ್ಸು ಹೋಗಿದ್ದರೆ ಮಾತ್ರ ಕೆಳಗಿನ ಹಂತಗಳನ್ನು ಬಿಡದೆ ಮಾಡಿ. ಎಲ್ಲಕ್ಕೂ ಮುಂಚೆ, ನಿಮ್ಮ ಲೈಸೆನ್ಸಿನಲ್ಲಿ ಆ ಅಳತೆಗೆ ಅವಕಾಶ ಇದೆಯೇ, ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಂದು ಖಚಿತ ಮಾಡಿಕೊಳ್ಳಿ. ಅಲ್ಲಿ ಇಲ್ಲವೆಂದರೆ ಮುಂದಿನದೆಲ್ಲ ವ್ಯರ್ಥ.

ಪದಗಳ ವಿಷಯ: ಇಲ್ಲಿ ತೋಟಾ ಎಂದರೆ ಇಡೀ ಕಾರ್ಟ್ರಿಜ್, ಗುಂಡು ಎಂದರೆ ಹಾರಿಹೋಗುವ ಬುಲೆಟ್ ಮಾತ್ರ, ಕೇಸ್ ಎಂದರೆ ಹಿಂದೆ ಉಳಿಯುವ ಹಿತ್ತಾಳೆ.

ಹಂತ 1: ಅದು ನೀಗಿಸುವ ಕೊರತೆ ಯಾವುದು?

ಒಂದೇ ವಾಕ್ಯದಲ್ಲಿ ಬರೆಯಿರಿ. "ಹೆಚ್ಚು ಶಕ್ತಿ" ಎಂದು ಬರೆದರೆ ಸಾಲದು. ಎಷ್ಟು ಹೆಚ್ಚು, ಯಾತಕ್ಕೆ ಎಂಬುದೂ ಇರಬೇಕು. .327 ಫೆಡರಲ್ ಕೊಡುವ ಲಾಭ ಸ್ಪಷ್ಟ: ರೂಗರ್ ಎಸ್‌ಪಿ101 ರಿವಾಲ್ವರಿನಲ್ಲಿ .357 ಮ್ಯಾಗ್ನಮ್ ಆದರೆ ಐದು ತೋಟಾ, .327 ಆದರೆ ಆರು. 2022ರಲ್ಲಿ ಬಂದ .30 ಸೂಪರ್ ಕ್ಯಾರಿಯದೂ ಅದೇ ಬಗೆಯ ವಾದ: ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್‌ ಪಿಸ್ತೂಲಿನ ಚಿಕ್ಕ ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ತೋಟಾ ತುಂಬುವ ಪೆಟ್ಟಿಗೆ) 9 ಮಿ.ಮೀ. ಹತ್ತು ಹಿಡಿಯುವ ಜಾಗದಲ್ಲಿ ಇದು ಹದಿಮೂರು. ಈ ಮೂರು ಹೆಚ್ಚುವರಿ ತೋಟಾಗಳಿಗಾಗಿ ನೀವು ಏನೇನು ಬಿಟ್ಟುಕೊಡಬೇಕು ಎಂಬುದು ಮುಂದಿನ ಹಂತಗಳ ಪ್ರಶ್ನೆ.

ಶಕ್ತಿಯ ಪಟ್ಟಿ ನೋಡುವಾಗ ಒಂದು ಮೋಸ ಗಮನಿಸಿ. 10 ಮಿ.ಮೀ. ಆಟೊದ ಪೂರ್ಣ ಬಲದ ತೋಟಾ 180 ಗ್ರೇನ್ (ಸುಮಾರು 11.7 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹಾರಿಸುತ್ತದೆ. ಸುಮಾರು 845 ಜೂಲ್. ಆದರೆ ಅದೇ ಹೆಸರಿನ ಎಷ್ಟೋ ಅಭ್ಯಾಸದ ತೋಟಾಗಳು 315 ಮೀಟರಿಗೇ ನಿಲ್ಲುತ್ತವೆ. 575 ಜೂಲ್ ಆಸುಪಾಸು. ಇದು .40 ಎಸ್ ಅಂಡ್ ಡಬ್ಲ್ಯೂ ಕೊಡುವ 540 ಜೂಲ್‌ಗಿಂತ ಹೇಳಿಕೊಳ್ಳುವಷ್ಟು ಹೆಚ್ಚಲ್ಲ. ದೊಡ್ಡ ಹಿಡಿ, ದೊಡ್ಡ ಪಿಸ್ತೂಲು, ದುಬಾರಿ ತೋಟಾ, ಬಲ ಮಾತ್ರ ಚಿಕ್ಕಪ್ಪನ ಮಗನಷ್ಟೇ. ಡಬ್ಬಿಯ ಮೇಲಿನ ಹೆಸರಲ್ಲ, ಗುಂಡಿನ ತೂಕ ಮತ್ತು ವೇಗ ಎರಡನ್ನೂ ಓದಿ. ಆ ವೇಗ ಎಷ್ಟು ಉದ್ದದ ನಳಿಗೆಯಲ್ಲಿ ಅಳೆದದ್ದು ಎಂಬುದೂ ಅನೇಕ ಸಲ ಅಲ್ಲೇ ಇರುತ್ತದೆ. ನಿಮ್ಮ ನಳಿಗೆ ಗಿಡ್ಡವಾದರೆ ಅಷ್ಟು ಸಿಗುವುದಿಲ್ಲ.

ಹಂತ 2: ಮನೆತನ ನೋಡಿ

ನಮ್ಮ ಪ್ರಕಾರ ತೀರ್ಮಾನ ಆಗಬೇಕಾದದ್ದು ಇಲ್ಲೇ. ಅಪರೂಪದ ತೋಟಾ ಬದುಕುವುದು ತನ್ನ ಜನಪ್ರಿಯತೆಯಿಂದಲ್ಲ, ನೆಂಟರಿಂದ. ನಾಲ್ಕು ಪ್ರಶ್ನೆ ಹಾಕಿ: ಗುಂಡಿನ ವ್ಯಾಸ ಬೇರೆ ಯಾವುದಕ್ಕಾದರೂ ಹೊಂದುತ್ತದೆಯೇ? ಕೇಸ್ ಯಾವುದರಿಂದ ಹುಟ್ಟಿದ್ದು? ಅದೇ ಆಯುಧದಲ್ಲಿ ಬೇರೆ ತೋಟಾ ಹಾರುತ್ತದೆಯೇ? ನಳಿಗೆ ಬದಲಿಸಿದರೆ ಬೇರೆ ಮನೆಗೆ ಹೋಗಬಹುದೇ?

1994ರ .357 ಸಿಗ್ ತೆಗೆದುಕೊಳ್ಳಿ. ಸಿಗ್ ಸಾವರ್ ಮತ್ತು ಫೆಡರಲ್ ಸೇರಿ ಮಾಡಿದ್ದು. ತಳ .40 ಎಸ್ ಅಂಡ್ ಡಬ್ಲ್ಯೂನದು, ಗುಂಡು 9 ಮಿ.ಮೀ. ಬಳಗದ್ದು. ಹಾಗಾಗಿ ಅನೇಕ ಪಿಸ್ತೂಲುಗಳಲ್ಲಿ ನಳಿಗೆಯೊಂದನ್ನು ಬದಲಿಸಿದರೆ ಅದೇ ಮ್ಯಾಗಜೀನಿನೊಂದಿಗೆ .40 ಹಾರಿಸಬಹುದು. ಕೆಲವಕ್ಕೆ 9 ಮಿ.ಮೀ.ಗೆ ಇಳಿಸುವ ನಳಿಗೆಯೂ ಸಿಗುತ್ತದೆ. ಮ್ಯಾಗಜೀನ್ ಬೇರೆ ಬೇಕಾಗಬಹುದು, ಕೇಸನ್ನು ಹಿಡಿದು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ತಕರಾರು ಮಾಡಬಹುದು. ನಾಳೆ ತೋಟಾ ಸಿಗದೇ ಹೋದರೂ ಪಿಸ್ತೂಲು ಮೂಲೆ ಸೇರುವುದಿಲ್ಲ. ಒಂದೇ ಎಚ್ಚರಿಕೆ: ಒಂದೇ ಮ್ಯಾಗಜೀನ್ ಎರಡಕ್ಕೂ ಆಗುವುದರಿಂದಲೇ ಕಲಬೆರಕೆಯ ಅಪಾಯ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಡಬ್ಬಿ ಇರಲಿ, ಮ್ಯಾಗಜೀನಿನ ತಳಕ್ಕೆ ಬಣ್ಣದ ಟೇಪು ಅಂಟಿಸಿ.

.327 ಫೆಡರಲ್‌ನ ನೆಂಟಸ್ತಿಕೆ ಇನ್ನೂ ಸುಲಭ. ಅದರ ರಿವಾಲ್ವರಿನಲ್ಲಿ .32 ಎಚ್ ಅಂಡ್ ಆರ್ ಮ್ಯಾಗ್ನಮ್, .32 ಎಸ್ ಅಂಡ್ ಡಬ್ಲ್ಯೂ ಲಾಂಗ್, .32 ಎಸ್ ಅಂಡ್ ಡಬ್ಲ್ಯೂ ಮೂರೂ ಹಾರುತ್ತವೆ, ಏನೂ ಬದಲಿಸಬೇಕಿಲ್ಲ. ಪೂರ್ಣ ಬಲದ್ದು 45,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ್ದು, ಗಿಡ್ಡ ನಳಿಗೆಯಲ್ಲಿ ಕಿವಿ ಗುಂಯ್‌ಗುಟ್ಟಿಸುತ್ತದೆ. ಅಭ್ಯಾಸಕ್ಕೆ ಲಾಂಗ್ ತೋಟಾ ಹಾಯಾಗಿರುತ್ತದೆ. ಆದರೆ ಈ ಮೂರರ ಕೇಸೂ .327ರದಕ್ಕಿಂತ ಗಿಡ್ಡ. ಗಿಡ್ಡ ಕೇಸ್ ಹಾರಿಸಿದಾಗ ಸಿಲಿಂಡರಿನ ಚೇಂಬರಿನೊಳಗೆ (ತೋಟಾ ಕೂರುವ ಗೂಡು), ಕೇಸಿನ ಬಾಯಿ ಮುಗಿಯುವ ಜಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದ ಕೇಸ್ ಹಾಕಿದರೆ ಪೂರ್ತಿ ಕೂರುವುದಿಲ್ಲ, ಕೂತರೂ ಹಾರಿಸಿದ ಮೇಲೆ ಅಂಟಿಕೊಳ್ಳುತ್ತದೆ. ಸುತ್ತಿಗೆಯ ಕೆಲಸ ಮಾಡಬೇಡಿ. ಕಂಚಿನ ಬ್ರಷ್‌ಗೆ ಸಾಲ್ವೆಂಟ್ ಹಚ್ಚಿ ಪ್ರತಿ ಚೇಂಬರಿಗೂ ಹತ್ತು ಹದಿನೈದು ಸಲ ತಿರುಗಿಸಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಎಲ್ಲ ನೆಂಟಸ್ತಿಕೆಯೂ ಇಷ್ಟು ಸಲೀಸಲ್ಲ. .40 ತೋಟಾ 10 ಮಿ.ಮೀ.ನ ಚೇಂಬರಿನೊಳಗೆ ಹೋಗುತ್ತದೆ, ಹಾರಲೂಬಹುದು. ಹಾಗೆಂದು ಹಾರಿಸಬಾರದು. ಎರಡೂ ಕೇಸಿನ ಬಾಯಿಯ ಅಂಚಿನ ಮೇಲೆ ನಿಲ್ಲುವ ಜಾತಿಯವು; .40ರ ಕೇಸ್ ಸುಮಾರು 3.6 ಮಿ.ಮೀ. ಗಿಡ್ಡ. ಹಾಗಾಗಿ ಅದನ್ನು ಹಿಡಿದಿಡುವುದು ಎಕ್ಸ್‌ಟ್ರಾಕ್ಟರಿನ ಚಿಕ್ಕ ಕೊಕ್ಕೆ ಮಾತ್ರ. ನಳಿಗೆ ಬದಲಿಸಿದರೆ ಸರಿ, ಇಲ್ಲದಿದ್ದರೆ ಬೇಡ.

ಇನ್ನು ಒಂಟಿಗಳು. .45 ಗ್ಯಾಪ್ 2003ರಲ್ಲಿ ಗ್ಲಾಕ್ ಹೆಸರು ಹೊತ್ತು ಬಂತು. ಗುಂಡು .45 ಎಸಿಪಿಯದೇ, ಕೇಸ್ ಮಾತ್ರ ಗಿಡ್ಡ. ಬಲವೂ ಹತ್ತಿರ ಹತ್ತಿರ ಅಷ್ಟೇ. ಅಮೆರಿಕದ ನ್ಯೂಯಾರ್ಕ್, ಜಾರ್ಜಿಯಾ ರಾಜ್ಯಗಳ ಪೊಲೀಸರು ತೆಗೆದುಕೊಂಡರು, ಆಮೇಲೆ ಬಿಟ್ಟರು. ನಿಜವಾಗಿ ಅದು ನೀಗಿಸಿದ ಕೊರತೆ ಹಿಡಿಯ ದಪ್ಪವೊಂದೇ. 1964ರ .41 ಮ್ಯಾಗ್ನಮ್‌ನ ಗುಂಡು 0.410 ಇಂಚಿನದು, ಆ ವ್ಯಾಸದಲ್ಲಿ ಜನಪ್ರಿಯ ನೆಂಟರೇ ಇಲ್ಲ. ಒಳ್ಳೆಯ ತೋಟಾ, ಸಂಶಯವಿಲ್ಲ. ತೋಟಾ ತಾವೇ ತುಂಬಿಕೊಳ್ಳುವವರಿಗೆ ಸರಿ, ಡಬ್ಬಿ ಕೊಂಡು ಹಾರಿಸುವವರಿಗೆ ಕಷ್ಟ.

ಹಂತ 3: ಹೆಸರುಗಳನ್ನಲ್ಲ, ಯಜಮಾನರನ್ನು ಎಣಿಸಿ

ಒಂದು ಕಾಗದದಲ್ಲಿ ಎರಡು ಕಾಲಮು: ಅಭ್ಯಾಸದ ಸಾದಾ ತೋಟಾ ಮಾಡುವವರು, ರಕ್ಷಣೆಯ ಹಾಲೊ ಪಾಯಿಂಟ್ (ಗುಂಡಿನ ತುದಿ ಟೊಳ್ಳಾದದ್ದು) ಮಾಡುವವರು. ರಕ್ಷಣೆಯದು ಮಾತ್ರ ಸಿಕ್ಕಿ ಅಭ್ಯಾಸದ್ದು ಸಿಗದ ತೋಟಾ ಬಲು ದುಬಾರಿ ಬೀಳುತ್ತದೆ. ಬ್ರ್ಯಾಂಡ್ ಬರೆದ ಮೇಲೆ ಅದರ ಒಡೆತನವನ್ನೂ ಪಕ್ಕದಲ್ಲಿ ಬರೆಯಿರಿ. .30 ಸೂಪರ್ ಕ್ಯಾರಿ ಬಂದಾಗ ಫೆಡರಲ್, ಸ್ಪೀರ್, ಸಿಸಿಐ, ರೆಮಿಂಗ್ಟನ್ ಎಂಬ ನಾಲ್ಕು ಹೆಸರು ಕಂಡವು. ಆಗ ನಾಲ್ಕೂ ಒಂದೇ ಕಂಪನಿಯವು. ಆ ಯಜಮಾನ ಕೈ ಬಿಟ್ಟರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ.

ಕಾರ್ಖಾನೆಯ ರೀತಿಯೂ ಗೊತ್ತಿರಲಿ. 9 ಮಿ.ಮೀ. ವರ್ಷವಿಡೀ ಓಡುತ್ತದೆ. ಅಪರೂಪದ್ದಕ್ಕೆ ಯಂತ್ರದ ಅಚ್ಚು ಬದಲಿಸಿ ಒಂದಷ್ಟು ದಿನ ಓಡಿಸಿ ನಿಲ್ಲಿಸುತ್ತಾರೆ. ಮುಂದಿನ ಸರದಿ ತಿಂಗಳುಗಟ್ಟಲೆ ಆಚೆ. 2020, 2021ರಲ್ಲಿ ಅಮೆರಿಕದಲ್ಲಿ ತೋಟಾಕ್ಕೆ ಬರ ಬಂದಾಗ ಈ ಸರದಿಗಳೇ ಮೊದಲು ಮುಂದೆ ಹೋದವು.

ಹಂತ 4: ಐದು ವರ್ಷದ ಲೆಕ್ಕ

ತಿಂಗಳಿಗೆ 100 ತೋಟಾ ಹಾರಿಸುತ್ತೀರಿ ಎಂದುಕೊಳ್ಳಿ. ವರ್ಷಕ್ಕೆ 1,200, ಐದು ವರ್ಷಕ್ಕೆ 6,000. 9 ಮಿ.ಮೀ.ನ ಒಂದು ತೋಟಾದ ಬೆಲೆ ಒಂದು ಪಾಲು, ನಿಮ್ಮದು ಎರಡು ಪಾಲು ಆದರೆ ಹೆಚ್ಚುವರಿ ಖರ್ಚು 6,000 ಪಾಲು. ಈಗ ಪಿಸ್ತೂಲಿನ ಬೆಲೆಯನ್ನೂ ಅದೇ ಪಾಲಿಗೆ ಇಳಿಸಿ ಪಕ್ಕದಲ್ಲಿ ಬರೆಯಿರಿ. ಅನೇಕ ಸಲ ವ್ಯತ್ಯಾಸದ ಹಣದಲ್ಲೇ ಇನ್ನೂ ಎರಡು ಮೂರು ಪಿಸ್ತೂಲು ಬರುತ್ತವೆ. ಇದಕ್ಕೆ ಮೂರು ಮ್ಯಾಗಜೀನ್, ಒಂದು ಬಿಡಿ ರಿಕಾಯ್ಲ್ ಸ್ಪ್ರಿಂಗ್ (ಒದೆತ ತಾಳುವ ಸ್ಪ್ರಿಂಗ್), ಬೇಕಾದರೆ ಎರಡನೇ ನಳಿಗೆ ಸೇರಿಸಿ.

ವರ್ಷಕ್ಕೆ 200 ಮಾತ್ರ ಹಾರಿಸುವವರಿಗೆ ಈ ವ್ಯತ್ಯಾಸ ಸಹಿಸುವಂಥದ್ದೇ. ಆದರೆ ವರ್ಷಕ್ಕೆ 200 ಹಾರಿಸುವವರಿಗೆ ಜೋರಾಗಿ ಒದೆಯುವ ಆಯುಧ ಕೈಗೆ ಹತ್ತುವುದೂ ಇಲ್ಲ.

ಹಂತ 5: ಕೇಸ್ ಮತ್ತೆ ತುಂಬಿಸುವ ಯೋಚನೆ ಇದ್ದರೆ

"ದುಬಾರಿಯಾದರೇನು, ನಾನೇ ತುಂಬಿಕೊಳ್ಳುತ್ತೇನೆ" ಎನ್ನುವವರು ಆ ಕೇಸಿನ ಚಾಳಿಯನ್ನು ಮೊದಲು ತಿಳಿಯಬೇಕು. .357 ಸಿಗ್‌ನ ಕೇಸ್ ಬಾಟಲಿಯ ಹಾಗೆ ಕತ್ತುಳ್ಳದ್ದು. ನೇರ ಕೇಸಿಗೆ ಕಾರ್ಬೈಡ್ ಡೈ (ಕೇಸನ್ನು ಒತ್ತಿ ಆಕಾರಕ್ಕೆ ತರುವ ಗಟ್ಟಿ ಅಚ್ಚು) ಇದ್ದರೆ ಎಣ್ಣೆ ಬೇಡ. ಇದಕ್ಕೆ ಲೂಬ್ ಹಚ್ಚಲೇಬೇಕು, ಇಲ್ಲವಾದರೆ ಡೈಯೊಳಗೆ ಕೇಸ್ ಕಚ್ಚಿಕೊಳ್ಳುತ್ತದೆ. ಬಲ್ಲವರು .40ರ ಕಾರ್ಬೈಡ್ ಡೈಯಲ್ಲಿ ಮೈಯನ್ನು ಮೊದಲು ಒತ್ತಿ, ಆಮೇಲೆ .357 ಸಿಗ್ ಡೈಯಲ್ಲಿ ಕತ್ತು ಸರಿಮಾಡುತ್ತಾರೆ. .40ರ ಕೇಸಿನ ಬಾಯಿ ಕಿರಿದಾಗಿಸಿ ಸಿಗ್ ಮಾಡುವ ಆಸೆ ಬೇಡ: ಅದು 0.850 ಇಂಚು, ಇದಕ್ಕೆ ಬೇಕಾದ್ದು 0.865.

ಆ ಕತ್ತು ನಾಲ್ಕು ಮಿ.ಮೀ. ಕೂಡ ಇಲ್ಲ. ಗುಂಡಿಗೆ ಹಿಡಿತ ಕಡಿಮೆ. ಒಂದೇ ತೋಟಾವನ್ನು ದಿನವೂ ಚೇಂಬರಿಗೆ ಏರಿಸಿ ಇಳಿಸುತ್ತಿದ್ದರೆ ಗುಂಡು ಒಳಗೆ ಕುಸಿಯುತ್ತದೆ. ಒಳಗಿನ ಜಾಗ ಕುಗ್ಗಿದರೆ ಒತ್ತಡ ಏರುತ್ತದೆ, ಮೊದಲೇ ಅದು 40,000 ಪಿಎಸ್‌ಐನದು. ಪರೀಕ್ಷೆ ಸುಲಭ: ಹೊಸ ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ, ನಾಲ್ಕು ಸಲ ಏರಿಸಿ ಇಳಿಸಿ, ಮತ್ತೆ ಅಳೆಯಿರಿ. ಎದ್ದು ಕಾಣುವಷ್ಟು ಕಡಿಮೆಯಾಗಿದ್ದರೆ ಅದನ್ನು ಹಾರಿಸಬೇಡಿ, ಆ ತಯಾರಿಕೆಯದನ್ನು ಮತ್ತೆ ಕೊಳ್ಳಬೇಡಿ. ಕಾರ್ಖಾನೆಯ ತೋಟಾಕ್ಕೂ ಇದೇ ಪರೀಕ್ಷೆ.

5.7×28 ಎಂಬ ತೋಟಾದ್ದು ಬೇರೆ ಕಥೆ. ಕೇಸಿನ ಮೇಲೆ ತೆಳುವಾದ ಲೇಪ ಇರುತ್ತದೆ, ಕೇಸ್ ಸರಾಗ ಹೊರಬರುವುದಕ್ಕೆ. ಎಲ್ಲ ಹಿತ್ತಾಳೆಯ ಹಾಗೆ ಟಂಬ್ಲರಿಗೆ (ಕೇಸ್ ತಿರುಗಿಸಿ ಉಜ್ಜುವ ಯಂತ್ರ) ಹಾಕಿ ಉಜ್ಜಿದರೆ ಲೇಪ ಹೋಗಿ, ಮುಂದಿನ ಸಲ ಸಿಕ್ಕಿಕೊಳ್ಳುತ್ತದೆ.

ಹಂತ 6: ಎರವಲು ಪಡೆದು ಹಾರಿಸಿ

ಶೂಟಿಂಗ್ ರೇಂಜಿನಲ್ಲಿ ಒಂದೇ ಮಾದರಿಯ ಪಿಸ್ತೂಲು 9 ಮಿ.ಮೀ.ನಲ್ಲೂ ನಿಮ್ಮ ಆಯ್ಕೆಯಲ್ಲೂ ಸಿಕ್ಕಿದರೆ ಅದೃಷ್ಟ. ತಲಾ 50 ತೋಟಾ ತೆಗೆದುಕೊಳ್ಳಿ. ಏಳು ಮೀಟರ್ ದೂರ, 20 ಸೆಂ.ಮೀ. ಅಗಲದ ವೃತ್ತ. ಐದೈದರಂತೆ ಹಾರಿಸಿ, ಪ್ರತಿ ಐದಕ್ಕೂ ಹಿಡಿದ ಸಮಯ, ವೃತ್ತದೊಳಗೆ ಬಿದ್ದ ಗುಂಡು ಬರೆದುಕೊಳ್ಳಿ. ಮೊದಲ 25ನ್ನು ನೋಡಿ ಮರುಳಾಗಬೇಡಿ, ಕೊನೆಯ 25 ನೋಡಿ. ಕೈ ಸೋತಾಗ ಟ್ರಿಗರ್ ಎಳೆಯುವ ಮುಂಚೆಯೇ ನಳಿಗೆ ತಗ್ಗತೊಡಗುತ್ತದೆ. 9 ಮಿ.ಮೀ.ಗೆ ಹೋಲಿಸಿದರೆ ಐದರ ಸಮಯ ಕಾಲು ಭಾಗಕ್ಕಿಂತ ಹೆಚ್ಚು ಏರಿದರೆ, ಅಥವಾ ವೃತ್ತದ ಹೊರಗೆ ಎರಡು ಮೂರು ಹೆಚ್ಚು ಹೋದರೆ, ಪಟ್ಟಿಯ ಜೂಲ್ ನಿಮ್ಮ ಕೈಗೆ ದಕ್ಕಲಿಲ್ಲ ಎಂದರ್ಥ.

ಹಂತ 7: ತೀರ್ಮಾನ, ಆಮೇಲೆ ದಾಸ್ತಾನು

10 ಮಿ.ಮೀ. ಆಟೊ ಒಂದು ಕಾಲಕ್ಕೆ ಸತ್ತೇ ಹೋಗಿತ್ತು. 1983ರಲ್ಲಿ ಅದನ್ನು ಹೊತ್ತು ತಂದ ಬ್ರೆನ್ ಟೆನ್ ಪಿಸ್ತೂಲಿನ ಕಂಪನಿ 1986ಕ್ಕೆ ದಿವಾಳಿ. 1987ರಲ್ಲಿ ಕೋಲ್ಟ್ ಡೆಲ್ಟಾ ಎಲೀಟ್ ಉಸಿರು ಕೊಟ್ಟಿತು, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಎತ್ತಿಕೊಂಡಿತು. ಅದು ಕೇಳಿದ ಮೆತ್ತನೆಯ ಬಲವನ್ನು ಗಿಡ್ಡ ಕೇಸಿನಲ್ಲೇ ಕೊಡಬಹುದೆಂದು 1990ರಲ್ಲಿ .40 ಹುಟ್ಟಿ 10 ಮಿ.ಮೀ.ಯನ್ನು ಮತ್ತೆ ಮೂಲೆಗೆ ತಳ್ಳಿತು. ಈಗ ಬೇಟೆಗಾರರ ಬೇಡಿಕೆಯಿಂದ ಹಲವು ತಯಾರಕರು ಅದಕ್ಕೆ ಪಿಸ್ತೂಲು ಮಾಡುತ್ತಿದ್ದಾರೆ. ಅದಕ್ಕೆ ಅದರದೇ ಕೆಲಸ ಇತ್ತು, ಮರಳಿತು. .45 ಗ್ಯಾಪ್‌ಗೆ ಇರಲಿಲ್ಲ.

ನಮ್ಮ ಅಳತೆಗೋಲು ಹೀಗೆ: ಹಂತ 2ರ ನಾಲ್ಕು ಪ್ರಶ್ನೆಗಳಲ್ಲಿ ಕಡೆಯ ಎರಡರಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬೇಕು. ಬಾರದಿದ್ದರೆ, ಕೇಸ್ ನೀವೇ ತುಂಬುವವರಾಗಿದ್ದರೆ ಮಾತ್ರ ಮುಂದೆ ಹೋಗಿ. ಹಾಗಾಗಿ .327ಕ್ಕೆ ಸೈ, .357 ಸಿಗ್‌ಗೆ ಎರಡನೇ ನಳಿಗೆಯೊಡನೆ ಸೈ, .41ಕ್ಕೆ ಡೈ ಇದ್ದವರಿಗೆ ಸೈ. .30 ಸೂಪರ್ ಕ್ಯಾರಿಗೆ ಇನ್ನೂ ಕಾಯಿರಿ. .45 ಗ್ಯಾಪ್ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತೆಂದು ಬಲೆಗೆ ಬೀಳಬೇಡಿ. ಅದು ಅಗ್ಗವಾಗಿರುವುದಕ್ಕೆ ಕಾರಣ ಈ ಲೇಖನದ ಅರ್ಧ ಭಾಗ.

ಕೊಂಡರೆ ಪಿಸ್ತೂಲಿನ ದಿನವೇ ಒಂದು ವರ್ಷದ ತೋಟಾ ಕೊಳ್ಳಿ, ಲೈಸೆನ್ಸಿನ ಮಿತಿಯೊಳಗೆ. ರಕ್ಷಣೆಗೆ ಒಂದೇ ಲಾಟ್ ಸಂಖ್ಯೆಯ (ಒಂದೇ ಸರದಿಯಲ್ಲಿ ತಯಾರಾದ) 200 ಇರಲಿ. ಅದರಲ್ಲಿ 100 ಹಾರಿಸಿ ಪಿಸ್ತೂಲು ಒಪ್ಪುತ್ತದೆಯೇ ನೋಡಿ, ಉಳಿದದ್ದು ಇಡಿ. ತಂಪಾದ, ಒಣಗಿದ, ಬೀಗವಿರುವ ಜಾಗ. ಡಬ್ಬಿಯ ಮೇಲೆ ತಿಂಗಳು, ವರ್ಷ. ದಾಸ್ತಾನು ಅರ್ಧಕ್ಕೆ ಇಳಿದ ದಿನವೇ ಮುಂದಿನ ಖರೀದಿಗೆ ಹೊರಡಿ, ಕಾಲು ಭಾಗಕ್ಕೆ ಬರುವವರೆಗೆ ಕಾಯಬೇಡಿ.