ಥೈರಾಯ್ಡ್ ಮತ್ತು ಮೇದೋಜೀರಕ: ಎರಡು ಬಕೆಟ್ಟಿನ ಪಾಠ

“ಮಾಸ್ತರ್ರೇ, ಇದು ವಿಜ್ಞಾನವೋ, ನಲ್ಲಿ ರಿಪೇರಿಯೋ?” ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈ ವರ್ಷ ಬಕೆಟ್ ಕೇಳಿಕೊಂಡು ಬಂದರು. ಹಾಗಾಗಿ, ಈ ಎರಡು ಗ್ರಂಥಿಗಳ ಕೆಲಸವನ್ನು ತರಗತಿಯಲ್ಲಿ ಬಕೆಟ್ಟು, ನೀರಿನಲ್ಲಿ ತೋರಿಸುವ ಬಗೆಯನ್ನು ಬರೆಯುತ್ತಿದ್ದೇನೆ.

ಮೊದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾದರಿ ಮಾಡಿದ್ದೆ. ಬಣ್ಣ ಸೇರಿ 1,200 ರೂಪಾಯಿಯ ಹತ್ತಿರ ಹೋಯಿತು. ಕುಮಟೆಯ ಮಳೆಗೆ ಬೂಸ್ಟು ಹಿಡಿದು ಥೈರಾಯ್ಡಿನ ಒಂದು ಹಾಲೆ ಉದುರಿತು. ಉದುರದಿದ್ದರೂ ಆಕಾರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಥೈರಾಯ್ಡ್ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಮಾತು ಕೇಳುತ್ತದೆ. ಮೇದೋಜೀರಕದ ಇನ್ಸುಲಿನ್ ಕೋಶಗಳು ರಕ್ತದ ಸಕ್ಕರೆಯನ್ನು ತಾವೇ ಅಳೆದುಕೊಳ್ಳುತ್ತವೆ. ತೋರಿಸಬೇಕಾದ್ದು ಇದು.

ಮೇದೋಜೀರಕಕ್ಕೆ 15 ಲೀಟರ್ ಬಕೆಟ್. ಸಲೈನ್ ಟ್ಯೂಬನ್ನು ಅಂಚಿನ ಮೇಲೆ ಸೈಫನ್ ಹಾಕಿ, ಅದರ ಮೇಲೆ ಬಿದಿರು ಕೋಲು ಅಡ್ಡ ಇಡಿ. ಕೀಲು ಬಕೆಟ್ಟಿನ ಹೊರಗೆ ಗೂಟಕ್ಕೆ, ಒಳತುದಿಗೆ ಮುಚ್ಚಳ ಬಿಗಿದ ಖಾಲಿ ಬಾಟಲಿ. ಮಗ್ಗಿನಿಂದ ಸುರಿಯುವ ನೀರೇ ಸಕ್ಕರೆ. ಮಟ್ಟ ಏರಿದರೆ ಬಾಟಲಿ ಕೋಲನ್ನೆತ್ತಿ, ಇನ್ಸುಲಿನ್ ಸಕ್ಕರೆ ಇಳಿಸಿದಂತೆ, ನೀರು ಹೊರಹರಿಯುತ್ತದೆ. ಇಳಿದರೆ ಕೋಲು ಕೂತು ಟ್ಯೂಬನ್ನು ಒತ್ತುತ್ತದೆ. ಮೊದಲ ಸಲ ಕೀಲನ್ನು ಅಂಚಿನ ಮೇಲೆ, ಟ್ಯೂಬನ್ನು ಹೊರತುದಿಯ ಕೆಳಗೆ ಇಟ್ಟೆ. ಏರಿದಷ್ಟೂ ಮುಚ್ಚಿಕೊಂಡು ತರಗತಿಯೇ ತೊಯ್ದಿತು. ಟ್ಯಾಂಕಿನ ಫ್ಲೋಟ್ ವಾಲ್ವಿನದೂ ಇದೇ ಗತಿ, ಅದು ಏರಿದಾಗ ಮುಚ್ಚುವಂಥದ್ದು. ಕೋಲಿಗೆ ತೂಕ ಎಲ್ಲಿ ಕಟ್ಟಬೇಕೆಂಬುದು ನನ್ನಲ್ಲೇ ಇರಲಿ. ಒಂದು ಮಧ್ಯಾಹ್ನ ಒದ್ದಾಡಿದರೆ ನಿಮಗೂ ಸಿಗುತ್ತದೆ.

ಥೈರಾಯ್ಡ್ ಸುಲಭ. ಎತ್ತರದಲ್ಲಿ ದೊಡ್ಡ ಕ್ಯಾನು (ಥೈರಾಯ್ಡ್), ಕೆಳಗೆ ಬಕೆಟ್ (ರಕ್ತ), ನಡುವೆ ಡ್ರಿಪ್ ಸೆಟ್. ಬಕೆಟ್ಟಿನ ಗುರುತು ನೋಡಿ ಡ್ರಿಪ್ಪಿನ ಚಕ್ರ ತಿರುಗಿಸುವ ಹುಡುಗಿಯೇ ಪಿಟ್ಯುಟರಿ. ಕ್ಯಾನಿಗೆ ನೀರು, ಅಂದರೆ ಹಾರ್ಮೋನಿನ ಕಚ್ಚಾಮಾಲಾದ ಅಯೋಡಿನ್, ನಿಲ್ಲಿಸಿದರೂ ಪಿರಿಯಡ್ ಮುಗಿಯುವವರೆಗೆ ಹನಿ ಬೀಳುತ್ತಲೇ ಇರುತ್ತದೆ. ಶಿರಸಿ ಕಡೆಯವರು ಅಟ್ಟದಲ್ಲಿ ಚಾಲಿ ಅಡಿಕೆ ಇಟ್ಟಂತೆ ಥೈರಾಯ್ಡಿನೊಳಗೂ ವಾರಗಟ್ಟಲೆ ಸಾಲುವ ದಾಸ್ತಾನು. ಥೈರಾಯ್ಡಿನ ಹಾರ್ಮೋನು ಟಿ4ರ ಅರ್ಧಾಯು, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯುವ ಸಮಯ, ಸುಮಾರು 7 ದಿನ, ಇನ್ಸುಲಿನ್ನಿನದು ಐದಾರು ನಿಮಿಷ. ಊಟವಾಗಿ 2 ಗಂಟೆಗೇ ಶುಗರ್ ನೋಡುವವರು, ಥೈರಾಯ್ಡ್ ಮಾತ್ರೆ ಬದಲಿಸಿದ ಮೇಲೆ ಟಿಎಸ್‌ಎಚ್ (ಥೈರಾಯ್ಡಿಗೆ ಪಿಟ್ಯುಟರಿ ಕಳಿಸುವ ಹಾರ್ಮೋನು) ಪರೀಕ್ಷೆಗೆ 6–8 ವಾರ ಏಕೆ ಕಾಯುತ್ತಾರೆಂದು ಮಕ್ಕಳೇ ಹೇಳಿದರು. ಮನೆಯ ಬಕೆಟ್ ಬಿಟ್ಟರೆ ಖರ್ಚು ಮುನ್ನೂರರ ಒಳಗೆ.

ಅಯೋಡಿನ್ ಮಾತು ಬಂತೆಂದು ಉಪ್ಪಿಗೂ ಕೈ ಹಾಕಿದೆ. ಸಾಣಿಕಟ್ಟಾದ ಉಪ್ಪಿನ ಆಗರದಿಂದ ನೇರ ತಂದ ಕಲ್ಲುಪ್ಪು, ಪ್ಯಾಕೆಟ್ ಉಪ್ಪು, ಎರಡಕ್ಕೂ ಗಂಜಿತಿಳಿ ಹಾಕಿದರೆ ಎರಡೂ ಬಿಳಿ! ಪ್ಯಾಕೆಟ್ಟಿನಲ್ಲಿರುವುದು ಪೊಟ್ಯಾಶಿಯಂ ಅಯೋಡೇಟ್. ಗಂಜಿ ನೀಲಿಯಾಗಲು ಬಿಡಿ ಅಯೋಡಿನ್ ಬೇಕು. ಲ್ಯಾಬಿನ ಪೊಟ್ಯಾಶಿಯಂ ಅಯೊಡೈಡ್ ಚಿಟಿಕೆ, ಲಿಂಬೆರಸ ನಾಲ್ಕು ಹನಿ ಬಿದ್ದದ್ದೇ ಪ್ಯಾಕೆಟ್ ಉಪ್ಪು ನೀಲಿಯಾಯಿತು. ಆಗರದ್ದು ಸಮುದ್ರದ ಉಪ್ಪಾದರೂ ಬಿಳಿಯಾಗಿಯೇ ಉಳಿಯಿತು. ಅಯೊಡೈಡ್ ಹಳೆಯದಾಗಿ ಹಳದಿಗೆ ತಿರುಗಿದ್ದರೆ ಮುಟ್ಟಬೇಡಿ, ಎರಡೂ ನೀಲಿಯಾಗುತ್ತವೆ.