ಮಳೆಗಾಲದ ಅಂಗಳದಲ್ಲಿ ಡೇರೆ

ಶಿರಸಿ ಸೀಮೆಯಲ್ಲಿ ಅಂಗಳದ ಹೂಗಿಡಗಳ ಕೆಲಸವೆಲ್ಲ ಮಳೆಯ ಲೆಕ್ಕದಲ್ಲೇ ನಡೆಯುತ್ತದೆ. ಬಯಲುಸೀಮೆಯವರು ಚಳಿಗಾಲಕ್ಕೆಂದು ಬೆಳೆಸುವ ಡೇರೆ, ಅಂದರೆ ಡೇಲಿಯಾ, ನಮ್ಮಲ್ಲಿ ಅಪ್ಪಟ ಮಳೆಗಾಲದ ಹೂವು. ಇದರಲ್ಲಿ ವಿಚಿತ್ರವೇನೂ ಇಲ್ಲ. ಇದರ ಮೂಲನೆಲೆಯಾದ ಮೆಕ್ಸಿಕೋದ ಎತ್ತರದ ಪ್ರದೇಶದಲ್ಲಿಯೂ ಗೆಡ್ಡೆ ಚಿಗುರುವುದು ಮಳೆ ಬಿದ್ದ ಮೇಲೆಯೇ.

ಮೇ ತಿಂಗಳ ಕೊನೆಯಲ್ಲಿ, ಅಡ್ಡಮಳೆ ಬಿದ್ದು ಮಣ್ಣು ತಂಪಾದಾಗ, ನಾನು ಗೆಡ್ಡೆಗಳನ್ನು ಬಿಡಿಸುತ್ತೇನೆ. ಪ್ರತಿಯೊಂದು ಗೆಡ್ಡೆಗೂ ಹಳೆಯ ಕಾಂಡದ ಬುಡದ ಚೂರೊಂದು ಅಂಟಿಕೊಂಡಿರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಮೊಳಕೆಯೊಡೆಯುವ ಕಣ್ಣು ಇರುವುದು ಆ ಕುತ್ತಿಗೆಯ ಭಾಗದಲ್ಲಿ ಮಾತ್ರ. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ಚಿಗುರುವುದಿಲ್ಲ. ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನು ಬೆರೆಸಿ, ತಳದಲ್ಲಿ ತೂತು ಮಾಡಿದ ಸಿಮೆಂಟ್ ಚೀಲಗಳಿಗೆ ತುಂಬಿ ನೆಡುತ್ತೇನೆ. ಜುಲೈನ ಜಡಿಮಳೆಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುವುದು ನಿಶ್ಚಿತ. ಚೀಲವಾದರೆ ಮಳೆ ಜೋರಾದಾಗ ಸೂರಿನಡಿಗೆ ಎಳೆದುಕೊಳ್ಳಬಹುದು, ಹೊಳವಾದಾಗ ಬಿಸಿಲಿಗೆ ಇಡಬಹುದು.

ಗಿಡ ನಾಲ್ಕೈದು ಜೊತೆ ಎಲೆ ಬಿಟ್ಟ ಮೇಲೆ ತುದಿಯನ್ನು ಚಿವುಟುತ್ತೇನೆ. ಡೇರೆಯ ಕಾಂಡ ಒಳಗೆ ಪೊಳ್ಳು. ಗಂಟಿನಿಂದ ಬಹಳ ಮೇಲೆ ಕತ್ತರಿಸಿದರೆ ಉಳಿದ ಮೋಟಿನಲ್ಲಿ ಮಳೆನೀರು ತುಂಬಿ ಕೊಳೆ ಕೆಳಗಿಳಿಯುತ್ತದೆ. ಆದ್ದರಿಂದ ಹೂವನ್ನು ಕೊಯ್ಯುವಾಗಲೂ ಗಂಟಿನ ಮೇಲೆಯೇ ಕತ್ತರಿಸುವುದು ನನ್ನ ಕಟ್ಟುನಿಟ್ಟಿನ ಕ್ರಮ. ಚಿವುಟಿದ ಬಳಿಕ ಬರುವ ಟಿಸಿಲುಗಳನ್ನು ಮುರಿದು ಮರಳುಮಣ್ಣಿಗೆ ಊರಿದರೆ ಈ ತೇವದಲ್ಲಿ ಸುಲಭವಾಗಿ ಬೇರು ಬಿಡುತ್ತವೆ. ನೆರೆಮನೆಗಳ ನಡುವೆ ಹೊಸ ಬಣ್ಣಗಳ ಕೊಡುಕೊಳ್ಳುವಿಕೆ ನಡೆಯುವುದು ಹೆಚ್ಚಾಗಿ ಇಂಥ ಟಿಸಿಲುಗಳಿಂದಲೇ. ಆಸರೆಗೆ ಅಡಕೆ ದಬ್ಬೆಯನ್ನು ಗೆಡ್ಡೆ ನೆಡುವಾಗಲೇ ಹುಗಿಯುವುದು ಒಳ್ಳೆಯದು. ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗೀತು. ಬಸವನಹುಳುಗಳಿಗೆ ಬೂದಿ ಹಾಕುವ ಉಪಾಯ ನಮ್ಮ ಮಳೆಯಲ್ಲಿ ನಿಷ್ಪ್ರಯೋಜಕ, ಒಂದು ಮಳೆಗೆ ಎಲ್ಲವೂ ತೊಳೆದುಹೋಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ನಾನು ನಂಬಿದ ದಾರಿ.

ದೊಡ್ಡ ಹೂವು ಬೇಕೆಂದರೆ ನಡುವಿನ ಮೊಗ್ಗನ್ನು ಉಳಿಸಿ ಪಕ್ಕದ ಎರಡನ್ನು ತೆಗೆಯಬೇಕು. ಚೌತಿ ಹಬ್ಬದ ಪೂಜೆಗೆ ಗಾತ್ರಕ್ಕಿಂತ ಸಂಖ್ಯೆಯೇ ಮುಖ್ಯವಾದ್ದರಿಂದ ನಾನು ಎಲ್ಲ ಗಿಡಗಳಿಗೂ ಹಾಗೆ ಮಾಡುವುದಿಲ್ಲ.

ನವರಾತ್ರಿ ಕಳೆಯುತ್ತಿದ್ದಂತೆ ಡೇರೆ ಸೊರಗಿ ಸೇವಂತಿಗೆಯ ಸರದಿ ಬರುತ್ತದೆ. ಹಗಲು ಕುಗ್ಗಿ ರಾತ್ರಿ ದೀರ್ಘವಾದಾಗ ಮೊಗ್ಗು ಹಿಡಿಯುವ ಗಿಡವಿದು. ಆದುದರಿಂದ ಇರುಳಿಡೀ ಉರಿಯುವ ಅಂಗಳದ ದೀಪದ ಬುಡದಲ್ಲಿ ಅದನ್ನು ಇಡಬಾರದು. ಡಿಸೆಂಬರ್‌ನಲ್ಲಿ ದುಂಡುಮಲ್ಲಿಗೆಗೆ ನೀರು ಕಡಿಮೆ ಮಾಡಿ ಸವರಿದರೆ ಬೇಸಿಗೆಯ ಹೂವಿಗೆ ಅಷ್ಟು ಸಾಕು.

ಅದೇ ಹೊತ್ತಿಗೆ ಡೇರೆಯ ಚೀಲಗಳಿಗೆ ನೀರು ನಿಲ್ಲಿಸಿ, ಕಾಂಡ ಪೂರ್ತಿ ಒಣಗಿದ ಮೇಲೆ ಅವನ್ನು ನೆರಳಿಗೆ ಸರಿಸುತ್ತೇನೆ. ಗೆಡ್ಡೆಯನ್ನು ಕಿತ್ತು ಅಟ್ಟದಲ್ಲಿಟ್ಟರೆ ಏಪ್ರಿಲ್‌ನ ಸೆಕೆಗೆ ಸುಕ್ಕುಗಟ್ಟುತ್ತದೆ, ಮಣ್ಣಿನೊಳಗೆ ಇದ್ದರೆ ಹೆಚ್ಚು ಬಾಳುತ್ತದೆ. ಕೊನೆಯ ಹೂವು ಉದುರುವ ಮೊದಲೇ ಪ್ರತಿ ಚೀಲಕ್ಕೂ ಬಣ್ಣದ ಹೆಸರು ಬರೆದ ಚೀಟಿಯನ್ನು ಕಟ್ಟುತ್ತೇನೆ, ಏಕೆಂದರೆ ಗೆಡ್ಡೆಯನ್ನು ನೋಡಿ ಕೆಂಪು ಯಾವುದು, ಹಳದಿ ಯಾವುದು ಎಂದು ಯಾರಿಂದಲೂ ಹೇಳಲಾಗದು.